ಪೂಜೆಗೆ ಕೂತ ಸರ್ವರ್‌ಗೆ ಅಪ್ಪಣೆಯಿಲ್ಲದೆ ಪ್ಯಾಚ್ ಹಾಕಿದ ಬಗ್ಗೆ

ಬಡಾವಣೆಗಳ ನೀರು ಬಿಡುವ ವೇಳಾಪಟ್ಟಿ ಕಚೇರಿ
ಮೊದಲನೇ ಮಹಡಿ, ದೇವರಾಜ ಮೊಹಲ್ಲಾ, ಮೈಸೂರು

ಸಂಖ್ಯೆ: ಬನೀವೇ/ಗಣಕ/ಪ್ಯಾಚ್/ಆಯುಧ/1/2001-02
ದಿನಾಂಕ: 30-10-2001

ಸುತ್ತೋಲೆ

ವಿಷಯ: ಈ ಕಚೇರಿಯ ಜಾಲತಾಣವನ್ನು ನಡೆಸುವ ಸರ್ವರ್ ಗಣಕಯಂತ್ರವು ಆಯುಧ ಪೂಜೆಗೆ ಕೂತಿದ್ದ ಸಮಯದಲ್ಲಿ, ಅದಕ್ಕೆ ಅಪ್ಪಣೆಯಿಲ್ಲದೆ ಭದ್ರತಾ ಪ್ಯಾಚ್ ಹಾಕಿ ಯಂತ್ರವನ್ನು ಕಾಪಾಡಿರುವ ದುರ್ವರ್ತನೆ, ಹಾಗೂ ಮುಂದೆ ಇಂಥ ಕಾಪಾಡುವಿಕೆಯನ್ನು ತಡೆಗಟ್ಟುವ ಕುರಿತು.

ಉಲ್ಲೇಖ: 1. ಗುತ್ತಿಗೆ ಗಣಕ ಸಹಾಯಕಿ ಕು. ನಯನಾ ಅವರ ನಾಲ್ಕು ಮನವಿಗಳು (ನಾಲ್ಕನ್ನೂ ಹಿಂದಿರುಗಿಸಲಾಗಿದೆ).
2. ಆವಕ ಗುಮಾಸ್ತೆ ಶ್ರೀಮತಿ ದಾಕ್ಷಾಯಣಮ್ಮನವರ ಮೌಖಿಕ ಹೇಳಿಕೆ (ಕೇಳದಿದ್ದರೂ ನೀಡಿರುವುದು).
3. ದಿನಾಂಕ 29-10-2001ರ ಮಹಜರು.

ಪ್ರಸ್ತಾವನೆ:

ಈ ಕಚೇರಿಯು ಹದಿನಾಲ್ಕು ತಿಂಗಳಿಂದ ಒಂದು ಜಾಲತಾಣವನ್ನು ಹೊಂದಿದ್ದು, ಬೋಗಾದಿ, ಶ್ರೀರಾಂಪುರ ಮುಂತಾದ ಬಡಾವಣೆಗಳಿಗೆ ಯಾವ ದಿನ ಎಷ್ಟು ಗಂಟೆಗೆ ನೀರು ಬಿಡಲಾಗುವುದೆಂಬ ಪಟ್ಟಿಯನ್ನು ಅದರಲ್ಲಿ ಪ್ರಕಟಿಸಲಾಗುತ್ತಿದೆ. ಪಟ್ಟಿಗೂ ನೀರಿಗೂ ಸಂಬಂಧವಿರಬೇಕೆಂಬ ನಿಯಮ ಇರುವುದಿಲ್ಲ. ಜಾಲತಾಣವು ನಡೆಯುತ್ತಿದ್ದರೂ ಉದ್ಘಾಟನೆಯಾಗಿಲ್ಲದ ಕಾರಣ ಅಧಿಕೃತವಾಗಿ ಇನ್ನೂ ಹುಟ್ಟಿರುವುದಿಲ್ಲ. ಬರುವ 1-11-2001ರ ರಾಜ್ಯೋತ್ಸವದಂದು ಬೆಳಿಗ್ಗೆ 10-30ಕ್ಕೆ ಬೆಂಗಳೂರಿನಿಂದ ಆಗಮಿಸುವ ಹಿರಿಯ ಅಧಿಕಾರಿಗಳು ಗುಂಡಿಯೊಂದನ್ನು ಒತ್ತಿ ಅದನ್ನು ಲೋಕಾರ್ಪಣೆ ಮಾಡಲಿದ್ದಾರೆ. ಶಾಮಿಯಾನಕ್ಕೆ ಹೇಳಿಯಾಗಿದೆ.

ಸದರಿ ಯಂತ್ರದ ತಂತ್ರಾಂಶದಲ್ಲಿ ಭದ್ರತಾ ಲೋಪವೊಂದಿದ್ದು, ಅದರ ಮೂಲಕ ಹೊರಗಿನವರು ನುಸುಳಿ ಜಾಲತಾಣವನ್ನು ಹಾಳುಗೆಡವಬಹುದೆಂದೂ, ತಂತ್ರಾಂಶದ ತಯಾರಕರೇ ಲೋಪ ಮುಚ್ಚಲು ಪ್ಯಾಚ್ ಎಂಬ ಸಣ್ಣ ತಿದ್ದುಪಡಿ ಕಡತವನ್ನು ಪುಕ್ಕಟೆಯಾಗಿ ಕೊಡುತ್ತಿರುವರೆಂದೂ, ಅದನ್ನು ಹಾಕಲು ಅಪ್ಪಣೆ ಬೇಕೆಂದೂ ಕು. ನಯನಾ ಅವರು ಮನವಿ ಸಲ್ಲಿಸಿರುತ್ತಾರೆ. ಇವರು ಬೋಗಾದಿಯ ನಿವಾಸಿ, ಮೂರು ವರ್ಷದಿಂದ ಗುತ್ತಿಗೆಯಲ್ಲಿರುವವರು. ಗುತ್ತಿಗೆಯು ದಿನಾಂಕ 31-10-2001ಕ್ಕೆ ಮುಗಿಯುವುದಿದ್ದು, ನವೀಕರಣದ ಕಡತವು ಈ ಕೆಳಗೆ ಸಹಿ ಮಾಡಿರುವ ಅಧೀಕ್ಷಕರ (ಇನ್ನು ಮುಂದೆ 'ಅಧೀಕ್ಷಕರು') ಮೇಜಿನ ಮೇಲಿರುತ್ತದೆ. ತನ್ನ ಅನ್ನದ ಕಡತ ಯಾರ ಮೇಜಿನ ಮೇಲಿದೆಯೋ ಅವರ ಮುಂದೆ ಬಾಯಿ ಮುಚ್ಚಿಕೊಂಡಿರಬೇಕೆಂಬ ಕನಿಷ್ಠ ತಿಳಿವಳಿಕೆ ಈಗಿನ ಹುಡುಗಿಯರಲ್ಲಿ ಇಲ್ಲದಿರುವುದನ್ನು ಅಧೀಕ್ಷಕರು ವಿಷಾದದಿಂದ ಗಮನಿಸಿರುತ್ತಾರೆ.

ಮನವಿಗಳ ವಿವರ ಹೀಗಿದೆ. ಮೊದಲನೆಯದರಲ್ಲಿ ಎಡಗಡೆ ಅಂಚು ಬಿಟ್ಟಿರಲಿಲ್ಲ, ಹಿಂದಿರುಗಿಸಲಾಯಿತು. ಎರಡನೆಯದರಲ್ಲಿ ಅಂಚು ಒಂದೇ ಇಂಚು ಇತ್ತು, ಹಿಂದಿರುಗಿಸಲಾಯಿತು. ಮೂರನೆಯದರಲ್ಲಿ ಅಂಚು ಒಂದೂವರೆ ಇಂಚು ಸರಿಯಾಗಿಯೇ ಇತ್ತು, ಆದರೆ 'ತುರ್ತು' ಎಂಬ ಪದವನ್ನು ಬಳಸಲಾಗಿತ್ತು. ಯಾವುದು ತುರ್ತು ಎಂದು ತೀರ್ಮಾನಿಸುವ ಅಧಿಕಾರ ಗುತ್ತಿಗೆ ನೌಕರರಿಗೆ ಇರುವುದಿಲ್ಲ. ನಾಲ್ಕನೆಯದು ಎಲ್ಲ ರೀತಿಯಲ್ಲೂ ಕ್ರಮಬದ್ಧವಾಗಿದ್ದು, ಅದೇ ಅನುಮಾನಕ್ಕೆ ಎಡೆ ಮಾಡಿದ್ದರಿಂದ ಹಿಂದಿರುಗಿಸಲಾಯಿತು.

ಹೀಗಿರುವಲ್ಲಿ ದಿನಾಂಕ 24-10-2001ರ ಬುಧವಾರ ಸಂಜೆ, ಮುಂದಿನ ಎರಡು ದಿನ ದಸರಾ ರಜೆಯಿದ್ದ ಕಾರಣ, ಕಚೇರಿಯಲ್ಲಿ ಆಯುಧ ಪೂಜೆ ನೆರವೇರಿತು. ಸರ್ವರ್ ಇಟ್ಟಿರುವ ಬೀರುವಿನ ಎರಡೂ ಬದಿಗೆ ಬಾಳೆಕಂದು ಕಟ್ಟಿ, ಯಂತ್ರಕ್ಕೆ ಸೇವಂತಿಗೆ ಹಾರ ಹಾಕಿ, ಅಧೀಕ್ಷಕರು ಸ್ವಹಸ್ತದಿಂದ ಗಂಧ ಕುಂಕುಮವಿಟ್ಟು, ಮೆಟ್ಟಿಲ ಬಳಿ ಬೂದುಗುಂಬಳ ಒಡೆಸಿದರು. ಪೂಜೆಗೆ ಕೂತ ಆಯುಧವನ್ನು ಪೂಜೆ ಇಳಿಸುವವರೆಗೆ ಮುಟ್ಟಬಾರದೆಂಬುದು ಎಲ್ಲರಿಗೂ ತಿಳಿದ ವಿಷಯ. ಆದ್ದರಿಂದ ಯಂತ್ರವನ್ನು ಆರಿಸಲಿಲ್ಲ. ಮುಂಭಾಗದ ಹಸಿರು ದೀಪವನ್ನು ನಂದಾದೀಪವೆಂದು ಭಾವಿಸಿ ಶನಿವಾರದವರೆಗೆ ಉರಿಯಬಿಡಲು ಆದೇಶಿಸಲಾಯಿತು. ಜಾಲದ ತಂತಿಯನ್ನೂ ಕೀಳಲಿಲ್ಲ, ಏಕೆಂದರೆ ಅದಕ್ಕೂ ಕುಂಕುಮವಿಡಲಾಗಿತ್ತು.

ಸಿಬ್ಬಂದಿಯೆಲ್ಲ ಕಡ್ಲೆಪುರಿ ಪೊಟ್ಟಣ ಹಿಡಿದು ನಿಂತಿದ್ದಾಗ, ಸಮಯ 5-20ಕ್ಕೆ, ಅಧೀಕ್ಷಕರ ಕಣ್ಣೆದುರಿನಲ್ಲೇ ಆ ಹಸಿರು ದೀಪವು ಆರಿತು. ನೋಡಲಾಗಿ, ಕು. ನಯನಾ ಅವರು ಹಾರವನ್ನು ಪಕ್ಕಕ್ಕೆ ಸರಿಸಿ ಕೀಲಿಮಣೆಯ ಮುಂದೆ ಕೂತಿದ್ದರು. ವಿಚಾರಿಸಿದಾಗ, "ಪ್ಯಾಚ್ ಹಾಕ್ದೆ ಸಾರ್. ಹಾಕಿದ ಮೇಲೆ ಮಿಷಿನ್ನು ಒಂದ್ಸಲ ಆಫ್ ಆಗಿ ಆನ್ ಆಗ್ಬೇಕು. ನಾಲ್ಕೇ ನಿಮಿಷ. ಎರಡು ದಿನ ರಜಾ, ಇಂಗೇ ಬುಟ್ಟೋದ್ರೆ ಬಾಗ್ಲು ತೆರ್ದಿಟ್ಟು ಊರಿಗೋದಂಗೆ ಆಯ್ತದೆ" ಎಂದು ಎಲ್ಲರೆದುರು ಉತ್ತರಿಸಿರುತ್ತಾರೆ. ನಾಲ್ಕು ನಿಮಿಷಕ್ಕೆ ದೀಪ ಹೊತ್ತಿತಾದರೂ, ಆ ನಾಲ್ಕು ನಿಮಿಷವನ್ನು ಅಧೀಕ್ಷಕರು ಗಡಿಯಾರ ನೋಡಿ ಗುರುತು ಹಾಕಿಕೊಂಡಿರುತ್ತಾರೆ. ಅವರಿಗೆ ಸಿಟ್ಟು ಬಂದಿತು. ಸಿಟ್ಟಿಗಿಂತ ಹೆಚ್ಚಾಗಿ ಅವಮಾನವಾಯಿತು, ಏಕೆಂದರೆ ದಲಾಯತ್ ಚಿಕ್ಕಬಸವಯ್ಯ ನಕ್ಕಿದ್ದನ್ನು ಅವರು ನೋಡಿರುತ್ತಾರೆ.

ಪೂಜೆಗೆ ಕೂತ ಯಂತ್ರವನ್ನು ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಎಂಬುದನ್ನು ಒಬ್ಬೊಬ್ಬರಿಗೂ ಕೂರಿಸಿಕೊಂಡು ಹೇಳಬೇಕಾಗಿ ಬಂದಿರುವುದು ದುರದೃಷ್ಟಕರ. "ಎಂಥೆಂಥವರ ಕೈ ತಾಕಿದರೆ ದೀಪ ಆರದೆ ಇನ್ನೇನಾದೀತು" ಎಂದು ಅಧೀಕ್ಷಕರು ಅಂದು ಆಡಿದ ಮಾತು ಯಾರ ಹುಟ್ಟನ್ನೂ ಕುರಿತದ್ದಲ್ಲವೆಂದು ಸ್ಪಷ್ಟಪಡಿಸಲಾಗಿದೆ. ಈ ಸ್ಪಷ್ಟೀಕರಣವನ್ನು ಯಾರೂ ಕೇಳಿರುವುದಿಲ್ಲ.

ಮೇಲ್ಕಂಡ ಹಿನ್ನೆಲೆಯಲ್ಲಿ ಸಮಸ್ತ ಸಿಬ್ಬಂದಿಗೆ ಈ ಕೆಳಗಿನಂತೆ ಸೂಚಿಸಲಾಗಿದೆ:

1. ಲೋಪವನ್ನು ಕಾಣುವ ಬಗ್ಗೆ: ಯಾವ ನೌಕರರೂ ಪೂರ್ವಾನುಮತಿಯಿಲ್ಲದೆ ಸರ್ವರ್‌ನಲ್ಲಿ ಲೋಪವನ್ನು ಕಾಣತಕ್ಕದ್ದಲ್ಲ. ಲೋಪವಿದೆ ಎಂದ ಕೂಡಲೇ ಅದಕ್ಕೊಬ್ಬ ಹೊಣೆಗಾರ ಇರಬೇಕಾಗುತ್ತದೆ. ಹೊಣೆಗಾರನನ್ನು ಗುರುತಿಸುವವರೆಗೆ ಲೋಪವನ್ನು ಲೋಪವೆಂದು ಕರೆಯದೆ 'ಗಮನಕ್ಕೆ ಬಂದ ಪರಿಸ್ಥಿತಿ' ಎಂದು ಕರೆಯತಕ್ಕದ್ದು. ಹೊಣೆಗಾರ ಸಿಗದಿದ್ದಲ್ಲಿ, ಲೋಪವನ್ನು ಮೊದಲು ಕಂಡವರನ್ನೇ ಹೊಣೆಗಾರರನ್ನಾಗಿಸುವುದು.

2. ಪ್ಯಾಚ್ ಹಾಕಲು ಅರ್ಜಿ: ನಮೂನೆ-7ರಲ್ಲಿ, ಮೂರು ಪ್ರತಿಗಳಲ್ಲಿ, ಎಡಗಡೆ ಒಂದೂವರೆ ಇಂಚು ಅಂಚು ಬಿಟ್ಟು ಸಲ್ಲಿಸತಕ್ಕದ್ದು. ಅಂಚು ಎಂಬುದು ಕಚೇರಿಯ ಮಾನ. ಒಂದೂವರೆ ಇಂಚಿಗಿಂತ ಒಂದು ನೂಲಿನಷ್ಟು ಕಡಿಮೆಯಿದ್ದರೂ, ಬರೆದವರು ಯಾರೇ ಆಗಿರಲಿ, ಒಳಗಿನ ವಿಷಯ ಎಷ್ಟೇ ಘನವಾಗಿರಲಿ, ಸದರಿ ಕಾಗದವನ್ನು ಪರಿಶೀಲಿಸದೆ ಹಿಂದಿರುಗಿಸಲಾಗುವುದು. ಈ ನಿಯಮಕ್ಕೆ ಯಾವುದೇ ವಿನಾಯಿತಿ ಇಲ್ಲ. ಇಪ್ಪತ್ತೆಂಟು ವರ್ಷದ ಸೇವೆಯಲ್ಲಿ ಅಧೀಕ್ಷಕರು ಒಮ್ಮೆಯೂ ವಿನಾಯಿತಿ ನೀಡಿರುವುದಿಲ್ಲ.

3. ಆವಕಕ್ಕೆ ದಾಖಲಿಸುವ ಬಗ್ಗೆ: ತಂತಿಯ ಮೂಲಕ ನೇರವಾಗಿ ಯಂತ್ರದೊಳಕ್ಕೆ ಇಳಿಯುವ ಪ್ಯಾಚ್, ಆವಕ ಪುಸ್ತಕದಲ್ಲಿ ಸಂಖ್ಯೆ ಪಡೆಯದ ಕಾರಣ ಕಾನೂನಿನ ದೃಷ್ಟಿಯಲ್ಲಿ ಬಂದೇ ಇರುವುದಿಲ್ಲ. ಇನ್ನು ಮುಂದೆ ಪ್ಯಾಚ್‌ಗಳು ಫ್ಲಾಪಿಯಲ್ಲಿ, ಲಕೋಟೆಯೊಳಗೆ, ಮೆಟ್ಟಿಲು ಹತ್ತಿ ಬರತಕ್ಕದ್ದು. "ಫ್ಲಾಪಿ ಒಂದು ಅಂತ ಬರ್ಕೊಳ್ತೀನಿ ಕಣ್ರೀ. ಒಳಗೆ ಏನಿದೆ ಅಂತ ಬರೆಯೋಕೆ ನಾನೇನು ಕಣಿ ಹೇಳೋಳಾ? ಆ ಹುಡುಗಿ ಹೇಳಿದ್ದನ್ನ ಕೇಳ್ಬಾರ್ದಿತ್ತಾ?" ಎಂಬ ಶ್ರೀಮತಿ ದಾಕ್ಷಾಯಣಮ್ಮನವರ ಹೇಳಿಕೆಯ ಮೊದಲರ್ಧವನ್ನು ಒಪ್ಪಲಾಗಿದೆ.

4. ಪ್ಯಾಚ್ ಓದುವ ಬಗ್ಗೆ: ಒಳಗೇನಿದೆಯೆಂದು ತಿಳಿಯದೆ ಅಧಿಕಾರಿಗಳು ಯಾವುದಕ್ಕೂ ಒಪ್ಪಿಗೆ ನೀಡಲಾಗದು. ಆದ್ದರಿಂದ ಪ್ರತಿ ಪ್ಯಾಚನ್ನೂ ಕಾಗದದ ಮೇಲೆ ಮುದ್ರಿಸಿ ಮಂಡಿಸತಕ್ಕದ್ದು. ಪ್ರಾಯೋಗಿಕವಾಗಿ ಸದರಿ ಪ್ಯಾಚನ್ನು ಮುದ್ರಿಸಲಾಗಿ 312 ಹಾಳೆಗಳಾಗಿದ್ದು, ಅಕ್ಷರಗಳು ಯಾವ ಭಾಷೆಯವೆಂದು ತಿಳಿದುಬಂದಿರುವುದಿಲ್ಲ. ಅಧೀಕ್ಷಕರು ಹದಿನೇಳನೇ ಹಾಳೆಯವರೆಗೆ ಓದಿ, ಪ್ರತಿ ಹಾಳೆಗೂ 'ನೋಡಿದೆ' ಎಂದು ಕಿರುಸಹಿ ಮಾಡಿರುತ್ತಾರೆ. ಆಕ್ಷೇಪಾರ್ಹವಾದುದು ಏನೂ ಕಂಡುಬಂದಿಲ್ಲ. ಕಂಡುಬಂದದ್ದೂ ಏನೂ ಇಲ್ಲ.

5. ಹೊರಗಿನವರು ನುಸುಳುವ ಬಗ್ಗೆ: ಸರ್ವರ್ ಬೀರುವಿನ ಬಾಗಿಲಿಗೆ 'ಅಪ್ಪಣೆಯಿಲ್ಲದೆ ಒಳಗೆ ಪ್ರವೇಶವಿಲ್ಲ' ಎಂಬ ಫಲಕ ಅಂಟಿಸಲಾಗಿದೆ. ಜಾಲದ ಮೂಲಕ ಬರುವವರು ಬೀರುವಿನ ಬಾಗಿಲನ್ನು ನೋಡುವುದಿಲ್ಲವೆಂಬ ಆಕ್ಷೇಪ ಬಂದಿರುವುದರಿಂದ ಎರಡನೇ ಫಲಕವನ್ನು ಬೀರುವಿನ ಒಳಗಡೆ ಅಂಟಿಸತಕ್ಕದ್ದು. ಪಾಸ್‌ವರ್ಡನ್ನು ಪಾರದರ್ಶಕತೆಯ ದೃಷ್ಟಿಯಿಂದ ಪರದೆಯ ಮೇಲೆ ಬರೆದು ಅಂಟಿಸಿರುವುದನ್ನು ಹಾಗೆಯೇ ಮುಂದುವರಿಸತಕ್ಕದ್ದು.

6. ದೀಪದ ಬಗ್ಗೆ: ಪ್ಯಾಚ್ ಹಾಕಿದ ನಂತರ ಯಂತ್ರ ಆರಿ ಹೊತ್ತಬೇಕಾದ ಅನಿವಾರ್ಯ ಪ್ರಸಂಗದಲ್ಲಿ, ಹಸಿರು ದೀಪ ಆರುವ ಮುನ್ನವೇ ಬೀರುವಿನ ಮೇಲೆ ಎಳ್ಳೆಣ್ಣೆಯ ದೀಪವೊಂದನ್ನು ಹಚ್ಚಿಡತಕ್ಕದ್ದು. ದೀಪದ ಪಕ್ಕ ಬೆಂಕಿ ನಂದಿಸುವ ಸಿಲಿಂಡರ್ ಹಿಡಿದು ಚಿಕ್ಕಬಸವಯ್ಯ ನಿಲ್ಲತಕ್ಕದ್ದು. ಸಿಲಿಂಡರ್‌ನ ಅವಧಿ 1994ರಲ್ಲಿ ಮುಗಿದಿರುವುದರಿಂದ ಅವನ ಇನ್ನೊಂದು ಕೈಯಲ್ಲಿ ಒಂದು ಕೊಡ ನೀರಿರತಕ್ಕದ್ದು. ನಿಂತಿರುವಷ್ಟು ಹೊತ್ತು ನಗತಕ್ಕದ್ದಲ್ಲ.

7. ಪೂರ್ವಸ್ಥಿತಿಗೆ ತರುವ ಬಗ್ಗೆ: ಅಕ್ರಮವಾಗಿ ಹಾಕಿದ ಪ್ಯಾಚನ್ನು ಸಕ್ರಮಗೊಳಿಸಲು ಅವಕಾಶವಿಲ್ಲ. ಅದನ್ನು ತೆಗೆದು, ಯಂತ್ರವನ್ನು ಮೊದಲಿನಂತೆ ಲೋಪಸಹಿತವಾಗಿ ನಿಲ್ಲಿಸಿ, ನಂತರ ನಮೂನೆ-7ರಲ್ಲಿ ಅರ್ಜಿ ಪಡೆದು, ಅದೇ ಪ್ಯಾಚನ್ನು ಕ್ರಮಬದ್ಧವಾಗಿ ಹಾಕುವುದೊಂದೇ ದಾರಿ. ಅದರಂತೆ ದಿನಾಂಕ 29-10-2001ರ ಸೋಮವಾರ ಬೆಳಿಗ್ಗೆ 11-10ಕ್ಕೆ ಪಂಚರ ಸಮಕ್ಷಮ ಮಹಜರು ನಡೆಸಿ, ಅಧೀಕ್ಷಕರೇ ಗುಂಡಿ ಒತ್ತಿ ಪ್ಯಾಚನ್ನು ತೆಗೆದಿರುತ್ತಾರೆ. ಆ ವೇಳೆ ಕು. ನಯನಾ ಅವರು, "ಬ್ಯಾಡಿ ಸಾರ್, ನನ್ನ ಮೇಲಿನ ಕೋಪಕ್ಕೆ ತೆಗೀಬ್ಯಾಡಿ, ಬೇಕಾದ್ರೆ ನನ್ನ ತೆಗೀರಿ" ಎಂದು ಅಡ್ಡ ಬಂದಿದ್ದರಿಂದ, ಸದರಿ ಕೋರಿಕೆಯ ಎರಡನೇ ಭಾಗವನ್ನು ಸ್ಥಳದಲ್ಲೇ ಮನ್ನಿಸಿ, ನಾಳೆಯಿಂದ ಕಚೇರಿಗೆ ಬರಕೂಡದೆಂದು ತಿಳಿಸಲಾಯಿತು.

8. ತದನಂತರದ ಘಟನೆ: ಅದೇ ದಿನ 11-34ಕ್ಕೆ, ಅಂದರೆ ಮಹಜರಿನ ಸಹಿಗಳು ಒಣಗುವ ಮುನ್ನ, ಜಾಲತಾಣದ ಮುಖಪುಟದಲ್ಲಿದ್ದ ನೀರಿನ ವೇಳಾಪಟ್ಟಿ ಮಾಯವಾಗಿ, ಆ ಜಾಗದಲ್ಲಿ ಕೆಂಪು ಅಕ್ಷರದ ಎರಡು ಸಾಲು ಪ್ರತ್ಯಕ್ಷವಾಗಿರುತ್ತವೆ. ಸದರಿ ಸಾಲುಗಳು ಆಂಗ್ಲ ಭಾಷೆಯಲ್ಲಿದ್ದು, ಆಡಳಿತದಲ್ಲಿ ಕನ್ನಡ ಬಳಸಬೇಕೆಂಬ ಆದೇಶದ ಸ್ಪಷ್ಟ ಉಲ್ಲಂಘನೆಯಾಗಿರುತ್ತದೆ. ಬರೆದ ಅಪರಿಚಿತರು ಏಳು ದಿನದೊಳಗೆ ಕನ್ನಡ ಪ್ರತಿಯನ್ನು ಒದಗಿಸತಕ್ಕದ್ದು.

9. ಕಾರಣಗಳ ಪರಿಶೀಲನೆ: ಪ್ಯಾಚ್ ಇದ್ದ ಐದು ದಿನವೂ ಏನೂ ಆಗಿರುವುದಿಲ್ಲ. ಇದರಿಂದ ಅಪಾಯವೇ ಇರಲಿಲ್ಲವೆಂದೂ, ಪ್ಯಾಚ್ ಅನಗತ್ಯವಾಗಿತ್ತೆಂದೂ ಸಾಬೀತಾಗುತ್ತದೆ. ತೆಗೆದ ಇಪ್ಪತ್ನಾಲ್ಕು ನಿಮಿಷಕ್ಕೆ ಅನಾಹುತವಾಗಿದೆ. ಹಾಕದೇ ಇದ್ದಿದ್ದರೆ ತೆಗೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಆದ್ದರಿಂದ ಅನಾಹುತಕ್ಕೆ ಪ್ಯಾಚ್ ಹಾಕಿದವರೇ ಹೊಣೆಯೆಂದು ತೀರ್ಮಾನಿಸಲಾಗಿದೆ. ಈ ತೀರ್ಮಾನಕ್ಕೆ ಬರುವಾಗ ಅಧೀಕ್ಷಕರಿಗೆ ಒಳಗೊಳಗೆ ಅಳುಕು ಉಂಟಾಗಿದ್ದು, ಅದನ್ನು ಕಡತದಲ್ಲಿ ನಮೂದಿಸಿರುವುದಿಲ್ಲ.

10. ಲೋಕಾರ್ಪಣೆಯ ಬಗ್ಗೆ: ಹಿರಿಯ ಅಧಿಕಾರಿಗಳು ಗುಂಡಿ ಒತ್ತಿದಾಗ ಕೆಂಪು ಅಕ್ಷರ ಕಾಣಿಸತಕ್ಕದ್ದಲ್ಲ. ಕಂಡಲ್ಲಿ, ಅದು ರಾಜ್ಯೋತ್ಸವದ ಬಾವುಟದ ಬಣ್ಣವೆಂದು ವಿವರಿಸಲು ಪರದೆಯ ಇನ್ನರ್ಧಕ್ಕೆ ಹಳದಿ ಕಾಗದ ಅಂಟಿಸಿ ಸಿದ್ಧವಾಗಿಟ್ಟುಕೊಳ್ಳತಕ್ಕದ್ದು.

11. ಕು. ನಯನಾ ಅವರ ಬಗ್ಗೆ: ಕೆಳಮಹಡಿಯ ಎಲೆಕ್ಟ್ರಿಷಿಯನ್ ಸೇರಿದಂತೆ ಈ ಕಚೇರಿಯಲ್ಲಿ ಯಾರಿಗೂ ಯಂತ್ರವನ್ನು ಸರಿಪಡಿಸಲು ಬಾರದಿರುವುದು ವಿಚಾರಣೆಯಿಂದ ತಿಳಿದುಬಂದಿರುತ್ತದೆ. ಆದಕಾರಣ ಕು. ನಯನಾ ಅವರು ದಿನಾಂಕ 31-10-2001ರ ಸಂಜೆ 5-30ರೊಳಗೆ ಕಚೇರಿಗೆ ಹಾಜರಾಗಿ, (ಅ) ಜಾಲತಾಣವನ್ನು ಮೊದಲಿನಂತೆ ಮಾಡಿ, (ಆ) ಪ್ಯಾಚನ್ನು ಕ್ರಮಬದ್ಧವಾಗಿ ಪುನಃ ಹಾಕಿ, (ಇ) ಹಿಂದೆ ಅದನ್ನೇ ಹಾಕಿದ್ದಕ್ಕಾಗಿ ಬೇಷರತ್ ಕ್ಷಮಾಪಣೆ ಬರೆದುಕೊಡತಕ್ಕದ್ದು. ಹಾಗೆ ಮಾಡಿದಲ್ಲಿ ಇವರ ಗುತ್ತಿಗೆ ನವೀಕರಣವನ್ನು ಪರಿಶೀಲಿಸುವ ಸಾಧ್ಯತೆಯನ್ನು ಪರಿಗಣಿಸಲಾಗುವುದು. ಇದು ಕೋರಿಕೆಯಲ್ಲ. ಅಧೀಕ್ಷಕರು ಯಾರನ್ನೂ ಕೋರುವುದಿಲ್ಲ.

ಮೇಲಿನ ಎಲ್ಲ ಅಂಶಗಳನ್ನು ಚಾಚೂ ತಪ್ಪದೆ ಪಾಲಿಸುವುದು. ತಪ್ಪಿದವರ ಮೇಲೆ ಕ್ರಮ ಜರುಗಿಸಲಾಗುವುದು. ಪಾಲಿಸಿ ಅನಾಹುತವಾದಲ್ಲಿಯೂ ಪಾಲಿಸಿದವರ ಮೇಲೆಯೇ.

ಸಹಿ/-
(ಪ್ರಭುಸ್ವಾಮಿ)
ಅಧೀಕ್ಷಕರು
ಬಡಾವಣೆಗಳ ನೀರು ಬಿಡುವ ವೇಳಾಪಟ್ಟಿ ಕಚೇರಿ, ಮೈಸೂರು

ಟೈಪು: ದಾಕ್ಷಾಯಣಮ್ಮ (ಗಣಕಯಂತ್ರ ಲಭ್ಯವಿಲ್ಲದ ಕಾರಣ ಹಳೆಯ ಬೆರಳಚ್ಚು ಯಂತ್ರದಲ್ಲಿ)

ಪ್ರತಿಗಳು:

1. ಸಮಸ್ತ ಸಿಬ್ಬಂದಿಗೆ, ಓದಿ ಸಹಿ ಮಾಡಲು. ಓದದೆಯೂ ಮಾಡಬಹುದು.
2. ಜಾಲತಾಣದಲ್ಲಿ ಪ್ರಕಟಣೆಗೆ. ಅದು ಸದ್ಯ ಬೇರೆಯವರ ಸ್ವಾಧೀನದಲ್ಲಿರುವುದರಿಂದ ಅವರ ಒಪ್ಪಿಗೆ ಪಡೆದ ನಂತರ.
3. ಸದರಿ ಬೇರೆಯವರಿಗೆ, ವಿಳಾಸ ತಿಳಿದ ಕೂಡಲೇ.
4. ಶಾಮಿಯಾನದವರಿಗೆ. ಇನ್ನೂ ಬಿಚ್ಚುವುದು ಬೇಡ.
5. ಬಾಳೆಕಂದು ಸರಬರಾಜುದಾರರಿಗೆ, ಮುಂದಿನ ವರ್ಷದ ಸಲುವಾಗಿ.
6. ರಕ್ಷಾ ಕಡತಕ್ಕೆ (ಕಡತ ಹುಡುಕಲಾಗುತ್ತಿದೆ).
7. ಕು. ನಯನಾ, ಬೋಗಾದಿ. ದಲಾಯತ್ ಚಿಕ್ಕಬಸವಯ್ಯನ ಮುದ್ದಾಂ ಮೂಲಕ, ಸಹಿ ಪಡೆದು ಬರಲು.

ಕ್ರಮಸಂಖ್ಯೆ 7ರ ಪ್ರತಿಯ ಜಾರಿ ವರದಿ, ದಿನಾಂಕ 31-10-2001, ಸಂಜೆ 5-05 (ಚಿಕ್ಕಬಸವಯ್ಯ ಹೇಳಿದ್ದು, ದಾಕ್ಷಾಯಣಮ್ಮನವರು ಬರೆದುಕೊಂಡದ್ದು):

"ಬೋಗಾದಿಗೆ ಸೈಕಲ್ಲಲ್ಲಿ ಓಗಿದ್ದೆ ಸ್ವಾಮಿ. ಅವ್ರವ್ವ ಪುಟ್ಟಲಿಂಗಮ್ಮ ನಲ್ಲಿ ಮುಂದೆ ಬಿಂದಿಗೆ ಮಡಿಕೊಂಡು ಕುಂತಿದ್ರು. ನಾನು ಕಾಗ್ದ ತೋರಿಸ್ದೆ. 'ನನ್ನ ಮಗಳ ಕೈ ತಾಕಿ ದೀಪ ಆರೋಯ್ತು ಅಂದ್ರಂತಲ್ಲ ನಿಮ್ಮ ಸಾಯೇಬ್ರು, ಈಗ ಅದೇ ಕೈ ಬೇಕಾಯ್ತಾ ಕಣಣ್ಣ?' ಅಂದ್ರು. ನಯನಮ್ಮನ್ನ ಕರೀರಿ ಅಂದೆ ಸ್ವಾಮಿ. ಆಮೇಲೆ ನಯನಮ್ಮ ಆಚೆ ಬಂದು ಮೊದಲಿಂದ ಕಡೇತನಕ ಓದಿದ್ರು. 'ಕೆಲ್ಸ ಓಯ್ತಲ್ಲ ಅಂತ ಎರಡು ದಿನ ಅತ್ತಿದ್ದೆ ಕಣಣ್ಣ, ಇದನ್ನ ಓದಿ ಅಳೂನೇ ನಿಂತೋಯ್ತು' ಅಂದ್ರು. ಒಳಿಕ್ಕೋಗಿ ಅಡಿಪಟ್ಟಿ ತಂದು, ಕಾಗ್ದದ ಮೇಲಿಟ್ಟು ಅದೇನೋ ಅಳೆದ್ರು. ಇಂದ್ಗಡೆ ಏನೋ ಬರೆದು ವಾಪಸ್ ಕೊಟ್ಬುಟ್ರು. ನಾನು ನಗ್ನಿಲ್ಲ ಸ್ವಾಮಿ, ನಿಜವಾಗ್ಲೂ."

ಹಿಂಬದಿಯಲ್ಲಿ ಕು. ನಯನಾ ಅವರ ಕೈಬರಹ:

"ಎಡಗಡೆ ಅಂಚು ಒಂದೂಕಾಲು ಇಂಚು ಮಾತ್ರ ಇದ್ದು, ಸುತ್ತೋಲೆಯ ಕಂಡಿಕೆ 2ರಂತೆ ಪರಿಶೀಲಿಸದೆ ಹಿಂದಿರುಗಿಸಲಾಗಿದೆ. ನಿಗದಿತ ರೀತಿಯಲ್ಲಿ ಮರುಸಲ್ಲಿಸಿದಲ್ಲಿ ಪರಿಶೀಲಿಸುವ ಸಾಧ್ಯತೆಯನ್ನು ಪರಿಗಣಿಸಲಾಗುವುದು."

ಅಧೀಕ್ಷಕರ ಷರಾ, ಸಂಜೆ 5-28:

ಮೂರು ಬಾರಿ ಅಳೆಯಲಾಯಿತು. ಅಡಿಪಟ್ಟಿಯನ್ನು ಶ್ರೀಮತಿ ದಾಕ್ಷಾಯಣಮ್ಮನವರು, ಅಧೀಕ್ಷಕರು ಕೇಳುವ ಮೊದಲೇ, ತಂದು ಮೇಜಿನ ಮೇಲೆ ಇಟ್ಟಿದ್ದರು. ಒಂದೂಕಾಲು ಇಂಚೇ ಇರುತ್ತದೆ.